ಕೊನ್‌ಸ್ಟಾಂಟಿನ್ ವಾಸಿಲ್ಯೆವ್: ಜನಪ್ರಿಯತೆಯ ಇತಿಹಾಸ

ಕೊನ್‌ಸ್ಟಾಂಟಿನ್ ವಾಸಿಲ್ಯೆವ್ (ಜನನ: 16 ಆಗಸ್ಟ್ 1984, ಟ್ಯಾಲಿನ್) ಎಸ್ಟೋನಿಯಾದ ರಾಷ್ಟ್ರೀಯ ಫುಟ್‌ಬಾಲ್ ತಂಡದಲ್ಲಿ ದೀರ್ಘಕಾಲ ಆಡಿದ ಮಿಡ್‌ಫೀಲ್ಡರ್. ಗೋಲಿನಿಂದ ಬಹುದೂರದಲ್ಲಿ ನಿಂತು ಬಾರಿಸುವ ಹೊಡೆತಗಳಿಗೂ ಫ್ರೀ ಕಿಕ್‌ಗಳಿಗೂ ಹೆಸರಾದವರು. ಕೇವಲ 13 ಲಕ್ಷದಷ್ಟು ಜನರಿರುವ ದೇಶದ ಈ ಆಟಗಾರ ಯುರೋಪಿನ ಅಭಿಮಾನಿಗಳಿಗೆ ಪರಿಚಿತರಾದದ್ದು ಹೆಚ್ಚಾಗಿ ಎಸ್ಟೋನಿಯಾದ ಹೊರಗಿನ ಮೈದಾನಗಳಲ್ಲಿ ಗಳಿಸಿದ ಗೋಲುಗಳಿಂದ.

ಅವರಿಗಿಂತ ಮೊದಲು ಮಧ್ಯಮೈದಾನದ ದೊಡ್ಡ ಹೆಸರು ಮಾರ್ಟಿನ್ ರೈಮ್. ದೇಶ ಮರಳಿ ಸ್ವತಂತ್ರವಾದ ಮೇಲೆ, 1992ರ ಜೂನ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿದ ರೈಮ್, 2009ರಲ್ಲಿ ವಿದಾಯ ಹೇಳುವ ಹೊತ್ತಿಗೆ 157 ಪಂದ್ಯ ಆಡಿದ್ದರು. ಆಗ ಅದು ಯುರೋಪಿನ ದಾಖಲೆ. ಆದರೂ ಹೊರನಾಡಿನ ಅಭಿಮಾನಿಗಳಲ್ಲಿ ಅವರ ಅಂಕಿ ನೆನಪಿರುವಷ್ಟು ಆಟ ನೆನಪಿಲ್ಲ. ಅವರ ಒಳ್ಳೆಯ ವರ್ಷಗಳಲ್ಲಿ ಸಣ್ಣ ದೇಶದ ಪಂದ್ಯದ ದೃಶ್ಯ ಗಡಿ ದಾಟುವುದೇ ಅಪರೂಪವಾಗಿತ್ತು. ಈ ಅನ್ಯಾಯವನ್ನು ಯಾವ ದಾಖಲೆ ಪುಸ್ತಕವೂ ಸರಿಪಡಿಸಲಾರದು.

ವಾಸಿಲ್ಯೆವ್ ಬೆಳೆದ ಕಾಲ ಬೇರೆ. 1990ರ ದಶಕದ ಕೊನೆಯಲ್ಲಿ ‘ಹುಲಿ ಜಿಗಿತ’ ಯೋಜನೆ ಎಸ್ಟೋನಿಯಾದ ಶಾಲೆಗಳಿಗೆ ಕಂಪ್ಯೂಟರ್ ಮತ್ತು ಅಂತರ್ಜಾಲವನ್ನು ತಲುಪಿಸಿತ್ತು. 2005ರ ಸ್ಥಳೀಯ ಚುನಾವಣೆಯಲ್ಲಿ ದೇಶದ ಜನರಿಗೆ ಅಂತರ್ಜಾಲದ ಮೂಲಕವೂ ಮತ ಹಾಕುವ ಅವಕಾಶವಿತ್ತು. ಪಂದ್ಯದ ಚರ್ಚೆಯೂ ಪತ್ರಿಕೆಯ ಪುಟದಿಂದ ಸಾಕರ್‌ನೆಟ್‌ನಂಥ ಎಸ್ಟೋನಿಯನ್ ಜಾಲತಾಣಗಳತ್ತ ಸರಿಯಿತು.

ತಿರುವು ಬಂದದ್ದು ಯುರೋ 2012ರ ಅರ್ಹತಾ ಸುತ್ತಿನಲ್ಲಿ. 2010ರ ಅಕ್ಟೋಬರ್‌ನಲ್ಲಿ ಎಸ್ಟೋನಿಯಾ ಬೆಲ್‌ಗ್ರೇಡ್‌ನಲ್ಲೇ ಸರ್ಬಿಯಾವನ್ನು 3–1ರಿಂದ ಮಣಿಸಿದಾಗ ಒಂದು ಗೋಲು ವಾಸಿಲ್ಯೆವ್ ಅವರದು. ಮರುವರ್ಷ ಸ್ಲೊವೇನಿಯಾದಲ್ಲಿ ಗೆದ್ದ ಪಂದ್ಯದಲ್ಲಿ ಅವರು ಪೆನಾಲ್ಟಿಯನ್ನು ಗೋಲಾಗಿಸಿದರು. ಬೆಲ್‌ಫಾಸ್ಟ್‌ನಲ್ಲಿ ಹಿಂದೆ ಬಿದ್ದಿದ್ದ ತಂಡ 2–1ರಿಂದ ಗೆದ್ದಾಗ ಆ ಎರಡೂ ಗೋಲು ಅವರವೇ. ಒಂದು ಪೆನಾಲ್ಟಿಯಿಂದ, ಇನ್ನೊಂದು ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ. ಗುಂಪಿನ ಕೊನೆಯ ಪಂದ್ಯದಲ್ಲಿ ಸರ್ಬಿಯಾ ಸೋತಿತು. ಇದರಿಂದ 16 ಅಂಕಗಳ ಎಸ್ಟೋನಿಯಾ ಇಟಲಿಯ ನಂತರದ ಎರಡನೇ ಸ್ಥಾನ ಹಿಡಿದು ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ಅಲ್ಲಿ ಐರ್ಲೆಂಡ್ ಟ್ಯಾಲಿನ್‌ನಲ್ಲೇ 4–0ಯಿಂದ ಗೆದ್ದು ಕನಸು ಮುಗಿಸಿತು. ಆದರೆ ಡಬ್ಲಿನ್‌ನ 1–1 ಡ್ರಾದಲ್ಲಿ ದೂರದಿಂದ ವಾಸಿಲ್ಯೆವ್ ಹೊಡೆದ ಚೆಂಡು ಅನುಭವಿ ಗೋಲ್‌ಕೀಪರ್ ಶೇ ಗಿವನ್ ಕೈತಪ್ಪಿ ಒಳಗೆ ಹೋಯಿತು.

2013ರ ಸೆಪ್ಟೆಂಬರ್ 6ರಂದು ಟ್ಯಾಲಿನ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯ ಅವರ ಖ್ಯಾತಿಯ ಶಿಖರ. ನೆದರ್‌ಲೆಂಡ್ಸ್‌ಗೆ ರಾಬೆನ್ ಆರಂಭದಲ್ಲೇ ಮುನ್ನಡೆ ತಂದರು. ವಾಸಿಲ್ಯೆವ್ ಎರಡು ಗೋಲು ಹೊಡೆದು ಲೆಕ್ಕ ತಿರುಗಿಸಿದರು. ಇಂಜುರಿ ಸಮಯದಲ್ಲಿ ಸಿಕ್ಕ ಪೆನಾಲ್ಟಿಯಿಂದ ಫಾನ್ ಪೆರ್ಸಿ 2–2 ಮಾಡದಿದ್ದರೆ ಅದು ಎಸ್ಟೋನಿಯಾದ ಅತಿ ದೊಡ್ಡ ಗೆಲುವುಗಳಲ್ಲಿ ಒಂದಾಗುತ್ತಿತ್ತು. ದೂರದ ಹೊಡೆತದ ಗೋಲು ಕೆಲವೇ ಸೆಕೆಂಡಿನ ತುಣುಕಿನಲ್ಲೂ ಪೂರ್ತಿಯಾಗಿ ಕಾಣುತ್ತದೆ. ಪಂದ್ಯವಿಡೀ ನೋಡದವರಿಗೂ ಅದರ ಸೊಗಸು ಅರ್ಥವಾಗುತ್ತದೆ. ಸಣ್ಣ ವಿಡಿಯೊಗಳ ಕಾಲಕ್ಕೆ ವಾಸಿಲ್ಯೆವ್ ಆಟ ಒಗ್ಗಿದ್ದು ಹೀಗೆ. ಮಧ್ಯಮೈದಾನದ ತಾಳ್ಮೆಯ ಪಾಸ್‌ಗಳಿಗೆ ಆ ಭಾಗ್ಯವಿಲ್ಲ.

ಕ್ಲಬ್ ಬದುಕು ಅವರನ್ನು ಸ್ಲೊವೇನಿಯಾ, ರಷ್ಯಾದ ಪೆರ್ಮ್, ಪೋಲೆಂಡ್‌ಗಳಿಗೆ ಕರೆದೊಯ್ದು, ಒಂದೊಂದು ಕಡೆಯೂ ಹೊಸ ಅಭಿಮಾನಿಗಳನ್ನು ಸೇರಿಸಿತು. 2016–17ರಲ್ಲಿ ಅವರಿದ್ದ ಯಾಗಿಯೆಲ್ಲೋನಿಯಾ ಪೋಲೆಂಡ್ ಲೀಗ್‌ನಲ್ಲಿ ಎರಡನೆಯದಾಯಿತು. ಬಳಿಕ ತವರಿನ ಫ್ಲೋರಾ ಸೇರಿದರು. 2021ರಲ್ಲಿ ಫ್ಲೋರಾ ಯುರೋಪಿಯನ್ ಟೂರ್ನಿಯ ಗುಂಪು ಹಂತ ತಲುಪಿದ ಮೊದಲ ಎಸ್ಟೋನಿಯನ್ ಕ್ಲಬ್ ಎನಿಸಿದಾಗ ವಾಸಿಲ್ಯೆವ್ ಆ ತಂಡದಲ್ಲಿದ್ದರು. ರೈಮ್ ಅವರ 157 ಪಂದ್ಯಗಳ ರಾಷ್ಟ್ರೀಯ ದಾಖಲೆಯನ್ನು ಮುರಿದವರೂ ಅವರೇ.