ಕೂಗಿಕೋಂತ ಬರೋರು, ಹಾಡಿಕೋಂತ ಬರೋ ಗಾಡಿ

ಹ್ವಾದ ದೀಪಾವಳಿಗೆ ಮುಂಚೆ ಅಟ್ಟದ ಮ್ಯಾಲಿನ ಸಾಮಾನೆಲ್ಲಾ ಕೆಳಗಿಳಿಸಿದೆ. ನಮ್ಮ ಮನಿಗೆ ಬಂದು ಹೋಗೋ ನಿಮಗೆಲ್ಲಾ ಗೊತ್ತೈತಿ, ಆ ಅಟ್ಟದಾಗ ಏನೇನಿತ್ತಂತ. 43 ಸೀರಿ, ಎರಡು ಹಿತ್ತಾಳಿ ಬೋಗಾಣಿ, ಪ್ಲಾಸ್ಟಿಕ್ ಚೀಲದೊಳಗ ತುರುಕಿದ ಪ್ಲಾಸ್ಟಿಕ್ ಚೀಲ, ಮತ್ತ ಒಂದು ಹಳೇ ಬಿಸ್ಕಿಟ್ ಡಬ್ಬಿ. ಡಬ್ಬ್ಯಾಗ ಇದ್ದದ್ದು ನನ್ನ ಕಿವಿ ಮಷೀನಿನ ಸತ್ತ ಸೆಲ್ಲು. ಅಂಗಿ ಗುಂಡಿಯಷ್ಟು ಸಣ್ಣವು, ಡಬ್ಬಿ ಮಾತ್ರ ಕಲ್ಲಿನಂಗ ಭಾರ.

"ಅತ್ತೀ, ಎಲ್ಲಾ ಒಗದು ಬಿಡೂಣು," ಅಂದ್ಲು ಸೊಸಿ. ಅಕಿ ತುಟಿ ನೋಡಿ ತಿಳಕೊಂಡೆ.

ಒಗಿಯೂಣು ಖರೇ, ಎಲ್ಲಿ ಒಗಿಯೂಣು? ನಮ್ಮವ್ವನ ಮನ್ಯಾಗ ಅಟ್ಟ ಇತ್ತು, ಆದ್ರ ಅದರ ಮ್ಯಾಲ ಉಪ್ಪಿನಕಾಯಿ ಭರಣಿ, ಬೀಜದ ಜ್ವಾಳ ಬಿಟ್ರ ಏನೂ ಇರತಿರಲಿಲ್ಲ. ನಮ್ಮವ್ವ ಏನೂ ಒಗೀತಿರಲಿಲ್ಲ, ಆದ್ರೂ ಮನಿ ತುಂಬತಿರಲಿಲ್ಲ. ನಾನೂ ಏನೂ ಒಗದಿಲ್ಲ, ನನ್ನ ಮನಿ ತುಂಬಿತು. ಇದು ಹೆಂಗಾತು ಅಂತ ಆವತ್ತು ಸಾಮಾನಿನ ನಡುವ ಕುಂತು ವಿಚಾರ ಮಾಡಿದೆ. ಅದನ್ನ ಇಲ್ಲಿ ಬರೀತೀನಿ.

ಗೊತ್ತಿಲ್ಲದವರಿಗೆ ಒಂದು ಮಾತು. ನನ್ನ ಕಿವಿ ಹುಟ್ಟಾ ಹ್ವಾದದ್ದಲ್ಲ. ಪಿಯುಸಿ ಮುಗಿಸಿದ ವರ್ಷ ಕ್ಷಯ ಆತು. ಸ್ಟ್ರೆಪ್ಟೊಮೈಸಿನ್ ಸೂಜಿ ಮಾಡಿದ್ರು. 1943ರಾಗ ಮಣ್ಣಿನ್ಯಾಗಿನ ಸೂಕ್ಷ್ಮಜೀವಿಯಿಂದ ಕಂಡುಹಿಡಿದ ಔಷಧ ಅದು, ಕ್ಷಯಕ್ಕ ಸಿಕ್ಕ ಮೊದಲನೇ ಖರೇ ಮದ್ದು. ಎಷ್ಟೋ ಮಂದಿ ಜೀವ ಉಳಿಸಿತು. ಕೆಲವರಿಗೆ ಕಿವಿಯ ಒಳಭಾಗಕ್ಕ ಪೆಟ್ಟು ಕೊಡತೈತಿ. ನನ್ನ ಜೀವ ಉಳೀತು, ಕಿವಿ ಹೋತು. ಆದ್ರ ಅಲ್ಲೀತನಕ ಕೇಳಿದ್ದೆಲ್ಲಾ ಇನ್ನೂ ತಲ್ಯಾಗ ಐತಿ, ಅದರಾಗೂ ನಮ್ಮ ಓಣಿ ಕೂಗು.

ಆಗ ಮನ್ಯಾಗ ಹಳೇದಾದದ್ದೆಲ್ಲಾ ಹೊರಗ ಹೋಗತಿದ್ದದ್ದು ಕೂಗಿನ ಮ್ಯಾಲ. ರದ್ದಿಯಂವ ತಕ್ಕಡಿ ಹಿಡಕೊಂಡು ಕೂಗತಿದ್ದ. ಭಾಂಡೆದಾಕಿ ತಲಿ ಮ್ಯಾಲ ಬುಟ್ಟಿ ಹೊತಗೊಂಡು "ಹಳೇ ಅರಿವಿಗೆ ಭಾಂಡೇ" ಅಂತ ರಾಗ ಎಳೀತಿದ್ಲು. ಕಟ್ಟಿ ಮ್ಯಾಲ ಕುಂತು ಅರ್ಧ ತಾಸು ಚೌಕಾಸಿ. ಮೂರು ಸೀರಿಗೆ ಒಂದು ಡಬ್ಬಿ ಅಂತ ಅಕಿ, ಎರಡಕ್ಕ ಕೊಡು ಅಂತ ನಮ್ಮವ್ವ. ಹಳೇ ರೇಷ್ಮಿ ಸೀರಿ ಕೊಳ್ಳಾಕ ಬ್ಯಾರೆಯಂವ ಬರತಿದ್ದ. ಅಂವ ಜರಿ ತಿಕ್ಕಿ ನೋಡತಿದ್ದ, ಅದನ್ನ ಸುಟ್ಟು ಬೆಳ್ಳಿ ತಗೀತಿದ್ರು.

ಕಲಾಯಿಯಂವ ಬಂದ್ರ ನಮಗ ಹುಡುಗೋರಿಗೆ ಹಬ್ಬ. ಹಿತ್ತಾಳಿ, ತಾಮ್ರದ ಭಾಂಡೆದಾಗ ಹುಳಿ ಹಾಕಿದ್ರ ಕಿಲುಬು ಬಿಡತೈತಿ, ಅದಕ್ಕ ಒಳಗ ತವರದ ಲೇಪ ಬೇಕು. ಅಂವ ಗಿಡದ ನೆರಳಿಗೆ ಕುಣಿ ತೋಡಿ, ಇದ್ದಲಿ ಹಾಕಿ, ತಿದಿ ಊದತಿದ್ದ. ಭಾಂಡೆ ಕಾಯಿಸಿ ನವಸಾಗರ ಉದುರಿಸಿದ್ರ ಬಿಳೀ ಹೊಗಿ. ಆಮ್ಯಾಲ ತವರ ಮುಟ್ಟಿಸಿ ಅರಳಿಯಿಂದ ಒಂದು ಸುತ್ತು ಒರಸಿದ್ರ ಕನ್ನಡಿ ಆದಂಗ ಆಗತಿತ್ತು. ಒಂದು ಬೋಗಾಣಿ ಮೂರು ತಲೆಮಾರು ಬಾಳತಿತ್ತು.

ಇಷ್ಟರಾಗೂ ಉಳಿದ ಅರಿವಿ ಕೌದಿಗೆ. ಬ್ಯಾಸಗ್ಯಾಗ ನಾಕೈದು ಹಳೇ ನೂಲಿನ ಸೀರಿ ಒಂದರ ಮ್ಯಾಲ ಒಂದು ಹಾಸಿ, ಮ್ಯಾಲ ತುಂಡು ಜೋಡಿಸಿ, ಅಂಚಿನಿಂದ ನಡುವಿನ ತನಕ ಸಣ್ಣ ಹೊಲಿಗಿ ಹಾಕೋದು. ಅತ್ತಾಗ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳೂ ಕೌದಿ ಹೊಲೀತಾರ. ಮೂಲ್ಯಾಗ ಬಟ್ಟಿ ಮಡಿಚಿ ಮೂರು ಮೂಲಿ ಹೂವು ಕೂಡಿಸತಾರ, ಅದಿಲ್ಲದಿದ್ರ ಕೌದಿ ಪೂರಾ ಆಗಂಗಿಲ್ಲ ಅವರಿಗೆ. ಕೌದಿನೂ ಹರದ್ರ ಕಾಲೊರಸು, ಅದೂ ಹರದ್ರ ಒಲಿಗೆ, ಬೂದಿ ಭಾಂಡೆ ತಿಕ್ಕಾಕ, ಉಳಿದದ್ದು ತಿಪ್ಪಿಗೆ. ಇದಕ್ಕ ಯಾರೂ ಪರಿಸರ ಅಂತಿರಲಿಲ್ಲ. ಬಡತನ, ಜೊತಿಗೆ ಜಾಣತನ.

ಈಗ ಮುಖ್ಯ ಮಾತಿಗೆ ಬರತೀನಿ. ನಮ್ಮಪ್ಪನ ಸೋದರತ್ತಿ ಒಬ್ಬಾಕಿ ನಮ್ಮನ್ಯಾಗ ಇದ್ಲು. ಹುಟ್ಟಾ ಕಿವುಡಿ. ಎಲ್ಲಾರೂ ಮೂಗವ್ವ ಅಂತಿದ್ರು. ಅಕಿ ಖರೇ ಹೆಸರು ನಂಗ ಇವತ್ತಿಗೂ ಗೊತ್ತಿಲ್ಲ, ಅದಕ್ಕ ಈಗ ನಾಚಿಕಿ ಆಗತೈತಿ. ಮನ್ಯಾಗಿನ ಹಳೇ ಅರಿವಿ, ಒಡಕು ಭಾಂಡೆ ಎಲ್ಲಾ ಅಕಿ ಕೈಯಾಗ ಇರತಿತ್ತು. ಕೂಗು ಕೇಳದಾಕಿ ಹೆಂಗ ವ್ಯಾಪಾರ ಮಾಡತಿದ್ಲು? ಕಲಾಯಿಯಂವ ಓಣ್ಯಾಗೆಲ್ಲಾ ಕೂಗಿ, ನಮ್ಮ ಮನಿಗೆ ಬಂದಾಗ ಬಾಯಿ ಮುಚ್ಚಿ ಬಾಗಲದಾಗ ನಿಂದ್ರತಿದ್ದ. ಅಕಿ ನೋಡೋತನಕ ನಿಂದ್ರತಿದ್ದ. ಭಾಂಡೆದಾಕಿ ಸೀದಾ ಒಳಗ ಬಂದು ಅಕಿ ಭುಜ ಹಿಡದು ಅಲ್ಲಾಡಿಸತಿದ್ಲು. ಬೆರಳಿನ ಮ್ಯಾಲ ಇಬ್ಬರ ಚೌಕಾಸಿ ನಡೀತಿತ್ತು. ಯಾವ ಮನ್ಯಾಗ ಯಾರು ಅದಾರ ಅಂತ ಅವರಿಗೆ ಗೊತ್ತಿತ್ತು.

ಆಮ್ಯಾಲ ಒಂದೊಂದ ಕೂಗು ನಿಂತುವು. ಸ್ಟೀಲ್ ಬಂತು, ಕಲಾಯಿ ಬೇಕಾಗಲಿಲ್ಲ. ಟೆರಿಲಿನ್, ಪಾಲಿಯೆಸ್ಟರ್ ಸೀರಿ ಬಂದ್ವು. ಅವು ಹರಿಯಂಗಿಲ್ಲ, ಬೆವರು ಹೀರಂಗಿಲ್ಲ, ಅವುಗಳ ಕೌದಿ ಹೊತಗೊಂಡು ಮಲಗಾಕ ಆಗಂಗಿಲ್ಲ. ಅರಿವಿ ಚೀಲ ಹೋಗಿ ಕ್ಯಾರಿ ಬ್ಯಾಗ್ ಬಂತು. ಎರಡು ಹಿಡಿಕಿ ಇರೋ ಆ ಚೀಲ ಸ್ವೀಡನ್ ದೇಶದ ಒಂದು ಕಂಪನಿದು, ಅದಕ್ಕ 1965ರಾಗ ಪೇಟೆಂಟ್ ಸಿಕ್ತು. ಕಾಗದದ ಚೀಲದಂಗ ಹರಿಯಬಾರದು, ಮತ್ತ ಮತ್ತ ಬಳಸಬೇಕು ಅಂತ ಮಾಡಿದ್ದಂತ. ನಾವು ಒಂದ ಸಲ ಬಳಸಿ ಒಗದ್ವಿ, ಇಲ್ಲಾ ನನ್ನಂಗ ಅಟ್ಟಕ್ಕ ಏರಿಸಿದ್ವಿ. ತಿಪ್ಪಿಗೆ ಹಾಕಿದ್ರ ಕೊಳಿಯಂಗಿಲ್ಲ, ಒಲಿಗೆ ಹಾಕಿದ್ರ ನಾತ.

ಕಸಾ ದೊಡ್ಡ ಸಮಸ್ಯೆ ಆತು. 1994ರಾಗ ಸೂರತ್‌ದಾಗ ಪ್ಲೇಗ್ ಬಂದಾಗ ದೇಶೆಲ್ಲಾ ಹೆದರಿತು. 1996ರಾಗ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅನ್ನೋರು ಊರಿನ ಕಸದ ಸಲುವಾಗಿ ಸುಪ್ರೀಂ ಕೋರ್ಟಿಗೆ ಹ್ವಾದ್ರು. ಅದರಿಂದ 2000ದಾಗ ಊರಿನ ಕಸಕ್ಕಂತನ ಮೊದಲನೇ ನಿಯಮ ಬಂದ್ವು.

ಕಾನೂನು ಓದೋ ನನ್ನ ತಂಗಿ ಮಗಳು ಆ ನಿಯಮದ ಪ್ರತಿ ತಂದು ಕೊಟ್ಟಾಳ. ಮನಿಮನಿಗೆ ಹೋಗಿ ಕಸಾ ಹೆಂಗ ತೊಗೋಬೇಕು ಅಂತ ಹೇಳೋ ಕಡೆ ಎರಡು ಮಾತು ಅದಾವ. ಒಂದು, ಮೊದಲ ತಿಳಿಸಿದ ಹೊತ್ತಿಗೆ ಬರೋದು. ಎರಡನೇದು, ಗಂಟಿ ಬಾರಿಸೋದು, ಇಲ್ಲಾ ಹಾಡಿನ ಗಾಡಿ ತರೋದು. ಸದ್ದು ಮಿತಿ ಮೀರಬಾರದು ಅಂತನೂ ಬರದೈತಿ. ಕೇಳೋರ ಕಿವಿಗೆ ತ್ರಾಸ ಆಗಬಾರದು ಅನ್ನೋ ವಿಚಾರ ಬಂದೈತಿ, ಕೇಳದವರ ವಿಚಾರ ಬಂದಿಲ್ಲ. ಅದಕ್ಕಿಂತ ಹೆಚ್ಚಿಗಿ ಮನಸ್ಸಿಗೆ ನಟ್ಟಿದ್ದು ಇನ್ನೊಂದು. ಎರಡು ಮಾತಿನ್ಯಾಗ ನಮ್ಮ ಓಣಿಗೆ ಬಂದದ್ದು ಹಾಡು ಅಷ್ಟ. ಹೊತ್ತು ಬರಲೇ ಇಲ್ಲ. ಒಂದಿನ ಆರೂವರಿಗೆ ಗಾಡಿ, ಒಂದಿನ ಒಂಬತ್ತಕ್ಕ.

ನಾನು ಅಡಗಿ ಮನ್ಯಾಗ ರೊಟ್ಟಿ ಬಡಿಯೋ ಹೊತ್ತಿಗೆ ಗಾಡಿ ಬಂದು ಹೋಗತಿತ್ತು. ಮಗ, ಸೊಸಿ ಆಗ ಬ್ಯಾರೆ ಊರಾಗ ಇದ್ರು, ನಮ್ಮನ್ಯಾಗಿನವರು ನಸುಕಿನ್ಯಾಗ ಕೆಲಸಕ್ಕ. ಎಷ್ಟು ದಿನ ಬಾಗಲದಾಗ ಬಕೀಟು ಹಿಡಕೊಂಡು ಕಾಯೋದು? ಹೊರಗ ಇಟ್ರ ನಾಯಿ ಎಳದಾಡತಾವ. ಬ್ಯಾಸಗ್ಯಾಗ ಮೂರು ದಿನದ ಹಸಿ ಕಸಾ ಹುಳ ಬಿದ್ದಾಗ ಒಂದು ರಾತ್ರಿ ಒಯ್ದು ಮೂಲ್ಯಾಗ ಸುರುವಿ ಬಂದೆ. ಖರೇ ಹೇಳತೀನಿ, ಸುರುವಿದೆ. ಮರುದಿನ ಒಬ್ಬಾಕಿ ಕೈ ತಿರುವಿ ತಿರುವಿ ಬೈದ್ಲು. ಎಲ್ಲಾ ತಿಳೀಲಿಲ್ಲ, "ಕಿವುಡಿ" ಅಂದದ್ದು ತಿಳೀತು. ಆ ಶಬ್ದಕ್ಕ ತುಟಿ ಹೆಂಗ ಹೊಳ್ಳತಾವ ಅಂತ ನಂಗ ಪಕ್ಕಾ ಗೊತ್ತೈತಿ. ಆವತ್ತಿನಿಂದ ಯಾವ ಒಣ ಸಾಮಾನೂ ಹೊರಗ ಒಯ್ಯದ ಅಟ್ಟಕ್ಕ ಏರಿಸಿದೆ. ನನ್ನ ಅಟ್ಟ ತುಂಬಿದ್ದು ಆಸೆಗಲ್ಲ, ಅಂಜಿಕಿಗೆ.

2016ರಾಗ ಹೊಸಾ ನಿಯಮ ಬಂತು. ಹಸಿ ಕಸಾ, ಒಣ ಕಸಾ, ಮನ್ಯಾಗಿನ ಅಪಾಯದ ಕಸಾ ಅಂತ ಮೂರು ಬ್ಯಾರೆ ಮಾಡಬೇಕು ಅಂತ. ಅದ ವರ್ಷ ಅಂಗವಿಕಲರ ಹಕ್ಕಿನ ಹೊಸಾ ಕಾಯ್ದೆನೂ ಬಂತು. ಎರಡೂ ಒಂದ ವರ್ಷ ಹುಟ್ಟಿದ್ರೂ ಒಂದರ ಮುಖ ಒಂದು ನೋಡಿಲ್ಲ ಅನಸತೈತಿ ನಂಗ.

ಅಟ್ಟ ಇಳಿಸಿದ ದಿನ ಮೂಗವ್ವನ ನೆನಪಾತು. ಅಕಿಗೆ ಮಷೀನ್ ಇರಲಿಲ್ಲ, ಕಾಯ್ದೆ ಇರಲಿಲ್ಲ, ಗುರುತು ಇತ್ತು. ನಂಗೂ ಅದ ಬೇಕು ಅಂತ ತಿಳೀತು. ನಮ್ಮ ಗೇಟಿಗೆ ಒಂದು ಸ್ವಿಚ್ಚು ಕೂಡಿಸಿದ್ವಿ, ಒತ್ತಿದ್ರ ಅಡಗಿ ಮನ್ಯಾಗ, ಪಡಸಾಲ್ಯಾಗ ಲೈಟು ಮಿಣಮಿಣ ಹತ್ತತೈತಿ. ಮಾರನೇ ದಿನ ಕಾದು ನಿಂತು, ಗಾಡಿ ಮ್ಯಾಲಿನ ಹೆಣ್ಮಗಳಿಗೆ ಒಂದು ಚೀಟಿ ಕೊಟ್ಟೆ. "ನಂಗ ಹಾಡು ಕೇಳಂಗಿಲ್ಲ. ಈ ಸ್ವಿಚ್ಚು ಒತ್ತವಾ." ಅಕಿ ಚೀಟಿ ಓದಲಿಲ್ಲ, ಡ್ರೈವರ್ ಓದಿ ಹೇಳಿದ. ಅಕಿ ನನ್ನ ಮುಖ ನೋಡಿ, ಹೋಗಿ ಸ್ವಿಚ್ಚು ಒತ್ತಿದ್ಲು. ಬಾಗಲದಾಗಿಂದ ಬಗ್ಗಿ ಲೈಟು ಹತ್ತಿದ್ದು ನೋಡಿ ನಕ್ಕಳು. ಇವತ್ತಿನ ತನಕ ಒಂದು ದಿನ ತಪ್ಪಿಸಿಲ್ಲ. ಅಕಿಗೆ ಓದಾಕ ಬರಂಗಿಲ್ಲ, ನಂಗ ಕೇಳಾಕ ಬರಂಗಿಲ್ಲ, ನಮ್ಮ ಕೆಲಸ ಛಲೋ ನಡದೈತಿ.

ಸೀರಿ ಪೈಕಿ 19 ನೂಲಿನವು ಕೌದಿಗೆ ಹ್ವಾದ್ವು, ನಾಕು ಕೌದಿ ಆದ್ವು. ಎರಡು ಜರಿ ಸೀರಿ ಮಾರಿದೆ. ಪಾಲಿಯೆಸ್ಟರ್ ಸೀರಿನ್ಯಾಗ ಸಂತಿ ಚೀಲ ಹೊಲದು ನಿಮಗೆಲ್ಲಾ ಹಂಚೀನಿ, ಮನ್ಯಾಗ ಬಿಟ್ಟು ಸಂತಿಗೆ ಹೋಗಬ್ಯಾಡ್ರಿ. ಹಸಿ ಕಸಾ ಈಗ ಹಿತ್ತಲದಾಗಿನ ಗಡಿಗ್ಯಾಗ ಗೊಬ್ಬರ ಆಗತೈತಿ. ಗಾಡಿಗೆ ಕೊಡೋದು ವಾರಕ್ಕ ಎರಡು ಸಲ ಸ್ವಲ್ಪ ಒಣ ಕಸಾ ಅಷ್ಟ. ಅಕಿ ಆದ್ರೂ ದಿನಾ ಒತ್ತತಾಳ, ನಾ ಹೊರಗ ಬಂದು ಕೈ ಮಾಡತೀನಿ.

ಉಳಿದದ್ದು ಸೆಲ್ಲಿನ ಡಬ್ಬಿ. ಎರಡನೇ ಮಹಾಯುದ್ಧದ ಹೊತ್ತಿನ್ಯಾಗ ಸೈನ್ಯದ ಸಲುವಾಗಿ ಪಾದರಸದ ಸೆಲ್ಲು ಮಾಡಿದ್ರು, ಅದ ಮುಂದ ಕಿವಿ ಮಷೀನಿಗೂ ಬಂತು. 1952ರಾಗ ಟ್ರಾನ್ಸಿಸ್ಟರ್ ಇರೋ ಮಷೀನ್ ಬಂದ ಮ್ಯಾಲ ಸೆಲ್ಲು ಇನ್ನೂ ಸಣ್ಣವು ಸಾಕಾದ್ವು. ಆ ಹಳೇ ಗುಂಡಿ ಸೆಲ್ಲಿನ ತೂಕದಾಗ ಮೂರನೇ ಒಂದು ಪಾಲಿನಷ್ಟು ಪಾದರಸನ ಇರತಿತ್ತು. 1970ರ ದಶಕದಾಗ ಗಾಳಿಯಿಂದ ನಡಿಯೋ ಸತುವಿನ ಸೆಲ್ಲು ಬಂದ್ವು. ಬೆನ್ನಿಗೆ ಸಣ್ಣ ತೂತು, ಅದರ ಮ್ಯಾಲ ಚೀಟಿ. ಚೀಟಿ ಕಿತ್ತರ ಗಾಳಿ ಒಳಗ ಹೋಗಿ ಚಾಲೂ, ಮತ್ತ ಅಂಟಿಸಿದ್ರೂ ಪೂರಾ ನಿಂದ್ರಂಗಿಲ್ಲ. ಭಾಳ ವರ್ಷ ಅವುಗಳಾಗೂ ಒಂದೀಟು ಪಾದರಸ ಇರತಿತ್ತು. ಹತ್ತು ದಿನಕ್ಕ ಒಂದು ಅಂದ್ರ ವರ್ಷಕ್ಕ 36, 20 ವರ್ಷಕ್ಕ 720. ಮಷೀನ್ ಹಾಕಿದ್ರೂ ಏನೂ ಕೇಳದಂಗಾಗಿ ಅದನ್ನ ಬಿಟ್ಟು 8 ವರ್ಷಾತು, ಸೆಲ್ಲು ಉಳದಿದ್ವು.

ಜಪಾನಿನ ಮಿನಮಾಟಾ ಊರಾಗ ಕಾರ್ಖಾನಿ ಸಮುದ್ರಕ್ಕ ಬಿಟ್ಟ ಪಾದರಸ ಮೀನಿನ ಹೊಟ್ಟಿಗೆ ಹೋಗಿ ಮಂದಿ ಹೊಟ್ಟಿಗೆ ಬಂತು. 1956ರಾಗ ಆ ರೋಗ ಬೆಳಕಿಗೆ ಬಂತು. ಕೈಕಾಲು ಜೋಮು, ಕಣ್ಣು ಮಂದ, ಜೊತಿಗೆ ಕಿವಿನೂ ಮಂದ. ನನ್ನ ಕಿವಿ ಸಲುವಾಗಿ ಕೊಂಡ ಸಾಮಾನು ಮಣ್ಣಿಗೆ, ನೀರಿಗೆ ಬಿದ್ದು ಇನ್ನೊಬ್ಬಾಕಿ ಕಿವಿ ತಿನ್ನಬಾರದು. ಅದಕ್ಕ ನಾ ಇವನ್ನ ಸುಮ್ಮನ ಒಗಿಯಲಿಲ್ಲ.

2022ರ ಬ್ಯಾಟರಿ ನಿಯಮದ ಪ್ರಕಾರ ಸತ್ತ ಸೆಲ್ಲು ವಾಪಸ್ ತೊಗೊಳ್ಳೋ ಜವಾಬ್ದಾರಿ ಮಾಡೋ ಕಂಪನಿಗಳ ಮ್ಯಾಲ ಐತಿ. ಮಷೀನ್ ಮಾರೋ ಅಂಗಡಿಗೆ ಡಬ್ಬಿ ಒಯ್ದೆ. ಮೊದಲು ಕೈ ಅಲ್ಲಾಡಿಸಿದ್ರು. ನಾ ನಿಂತೆ. ಕಲಾಯಿಯಂವ ಮೂಗವ್ವನ ಬಾಗಲದಾಗ ನಿಂತಂಗ, ಅವರು ನೋಡೋತನಕ ನಿಂತೆ. ಕಾಗದ ತೋರಿಸಿದೆ. ಎರಡನೇ ಸಲ ಹ್ವಾದಾಗ ತೊಗೊಂಡ್ರು. ಈಗ ಅವರ ಮೇಜಿನ ಮ್ಯಾಲ ಒಂದು ಬಾಟ್ಲಿ ಇಟ್ಟಾರ, ಬ್ಯಾರೆಯವರ ಸೆಲ್ಲೂ ಬೀಳಾಕ ಹತ್ಯಾವ.

ನಿಮ್ಮ ಓಣ್ಯಾಗ ಗಾಡಿ ಬಂದಾಗ ಒಂದ ಸಲ ಆಜೂಬಾಜೂ ನೋಡ್ರಿ ಅಕ್ಕಾರ. ಕಿವಿ ಮಂದ ಆದ ಅಜ್ಜಿ, ಕೂಸು ಮಲಗಿಸಿ ಬಾಗಲ ಹಾಕ್ಕೊಂಡ ಬಾಣಂತಿ, ಯಾರರೆ ಇರತಾರ. ಒಂದ ಗುಂಡಿ ಒತ್ತೋದು, ಇಲ್ಲಾ ಒಳಗ ಹೋಗಿ ಭುಜ ಅಲ್ಲಾಡಿಸೋದು. ಭಾಂಡೆದಾಕಿ ಅಷ್ಟ ಮಾಡತಿದ್ಲು.

ಬಿಸ್ಕಿಟ್ ಡಬ್ಬಿ ತೊಳದು ಸಾಸಿವಿ ತುಂಬೀನಿ. ಹಿತ್ತಾಳಿ ಬೋಗಾಣಿ ಎರಡು ಮಾತ್ರ ಇನ್ನೂ ಪಡಸಾಲ್ಯಾಗ ಅದಾವ. ಕಲಾಯಿಯಂವ ಯಾರರೆ ಬಂದದ್ದು ಕೇಳಿದ್ರ, ದಯಮಾಡಿ ನಮ್ಮ ಗೇಟಿನ ಸ್ವಿಚ್ಚು ಒತ್ತಾಕ ಹೇಳ್ರಿ.