ತುರ್ತಿನ ಕಾರಣ, ಕರೆಯ ಕಾರಣ: ಗೌರಿಬಿದನೂರು ಸೀಮೆ ಮತ್ತು 108

2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಸೇವೆ ಕರ್ನಾಟಕದಲ್ಲಿ ಆರಂಭವಾಯಿತು. ಬೆಂಗಳೂರಿನ ಕೇಂದ್ರದಲ್ಲಿ ಕರೆ ಸ್ವೀಕರಿಸುವವರು ಹೆರಿಗೆ, ಅಪಘಾತ, ಎದೆನೋವು, ವಿಷಪ್ರಾಶನ ಎಂದು ಕಾರಣ ಗುರುತಿಸಿಕೊಂಡು ಆಂಬುಲೆನ್ಸ್ ಕಳಿಸುತ್ತಾರೆ. ಇದರಿಂದ ತಿಳಿಯುವುದು ದೇಹದ ತೊಂದರೆ ಮಾತ್ರ. ಜನ ಕರೆ ಮಾಡಿದ್ದೇಕೆ ಎಂಬುದು ಇದರಿಂದ ಪೂರ್ತಿ ತಿಳಿಯದು ಎಂಬುದೇ ಈ ಲೇಖನದ ವಾದ.

ಅಮೆರಿಕದ ನಗರಗಳಲ್ಲಿ ಬಿದ್ದು ಪೆಟ್ಟಾದ ವೃದ್ಧರಿಗಾಗಿ, ಉಸಿರಾಟದ ತೊಂದರೆಗಾಗಿ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಬರುವ ಕರೆಗಳು ಬಹಳ. ಭಾರತದ 108ರಲ್ಲಿ ಗರ್ಭಿಣಿಯರ ಪಾಲೇ ದೊಡ್ಡದು. 2005ರ ಜನನಿ ಸುರಕ್ಷಾ ಯೋಜನೆ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಯತ್ತ ತಂದಿತು. ಆದರೆ ಊರಿಗೂ ಆಸ್ಪತ್ರೆಗೂ ನಡುವಿನ ದೂರ ಹಾಗೆಯೇ ಉಳಿಯಿತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆಯ ತಿಂಗಳು ಆಶಾ ಕಾರ್ಯಕರ್ತೆಗೆ ಮೊದಲೇ ಗೊತ್ತು. ನೋವು ಸರಿರಾತ್ರಿ ಬಂತೆಂದರೆ ಬಸ್ಸಿಲ್ಲ, ಬಾಡಿಗೆ ಕಾರಿಗೆ ಕೈಯಲ್ಲಿ ಹಣವಿಲ್ಲ. ಸಹಜವಾದ ಹೆರಿಗೆಯನ್ನು ತುರ್ತಾಗಿಸುವುದು ಆ ಹೊತ್ತು, ಆ ದಾರಿ.

ಹೆದ್ದಾರಿಯ ಕರೆ ಬೇರೆ ಬಗೆಯದು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಡಿಕ್ಕಿಯಾಗಿ 13 ಜನ ಸತ್ತರು. ಇಂಥ ಕಡೆ ಫೋನ್ ಮಾಡುವವರು ಹೆಚ್ಚಾಗಿ ದಾರಿಹೋಕರು. ಗಾಯಾಳುವಿನ ಹೆಸರಾಗಲಿ ಊರಾಗಲಿ ಅವರಿಗೆ ತಿಳಿಯದು. ಹಾವು ಕಚ್ಚಿದಾಗಲೋ ಹೊಲದ ಕೀಟನಾಶಕ ಒಳಸೇರಿದಾಗಲೋ ಮನೆಯವರು ಕರೆಯುವುದು ವಾಹನಕ್ಕಷ್ಟೇ ಅಲ್ಲ, ದಾರಿಯಲ್ಲಿ ಉಸಿರು ಕಾಯಬಲ್ಲ ಶುಶ್ರೂಷಕರಿಗಾಗಿಯೂ.

ಇನ್ನೊಂದು ಬಗೆ ಆಸ್ಪತ್ರೆಯಿಂದಲೇ ಹೊರಡುವ ಕರೆ. ತಾಲ್ಲೂಕಿನಲ್ಲಿ ತಜ್ಞರೋ ವೆಂಟಿಲೇಟರೋ ಸಿಗದಿದ್ದಾಗ ರೋಗಿಯನ್ನು ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಬೇಕಾಗುತ್ತದೆ. ಕಾಗದದಲ್ಲಿ ಇದೂ ‘ಎದೆನೋವು’ ಎಂದೇ ಉಳಿದರೆ, ಕರೆಯ ನಿಜವಾದ ಕಾರಣವಾದ ಸೌಲಭ್ಯದ ಕೊರತೆ ಕಣ್ಣಿಗೇ ಬೀಳದು.

ಆದ್ದರಿಂದ ರೋಗದ ಜೊತೆಗೆ ಇನ್ನೊಂದು ವಿವರವೂ ದಾಖಲಾಗಬೇಕು: ವಾಹನವಿರಲಿಲ್ಲವೇ, ಹಣವಿರಲಿಲ್ಲವೇ, ಹತ್ತಿರ ತಜ್ಞರಿರಲಿಲ್ಲವೇ? ಹಾಗಾದಾಗ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ತಜ್ಞರು ಯಾವ ತಾಲ್ಲೂಕಿಗೆ ಬೇಕು ಎಂಬುದಕ್ಕೆ ಆಧಾರ ಸಿಗುತ್ತದೆ. ಹೆರಿಗೆ ನೋವಿಗೂ ನೂರೆಂಟಕ್ಕೆ ಫೋನ್ ಮಾಡುತ್ತಾರೆಂದು ದೂರುವುದು ಅನ್ಯಾಯ. ಬೇರೆ ದಾರಿಯಿಲ್ಲದವರಿಗೆ ಆ ಕರೆ ಆರೋಗ್ಯದ ಹಕ್ಕನ್ನು ಪಡೆಯುವ ಏಕೈಕ ಮಾರ್ಗ.