ಚೀನಾ ನೌಕಾಪಡೆಯ ಆಧುನೀಕರಣ
ಕರಾವಳಿ ಕಾವಲಿಗಷ್ಟೇ ಸೀಮಿತವಾಗಿದ್ದ ಚೀನಾದ ನೌಕಾಪಡೆಯನ್ನು ದೂರದ ಸಾಗರಗಳಿಗೆ ಸಜ್ಜುಗೊಳಿಸಿದ ಪ್ರಕ್ರಿಯೆ. 1982ರಿಂದ 1988ರವರೆಗೆ ಪಡೆಯ ಮುಖ್ಯಸ್ಥರಾಗಿದ್ದ ಲಿಯು ಹುವಾಚಿಂಗ್ ಇದರ ರೂವಾರಿ. 1996ರ ತೈವಾನ್ ಬಿಕ್ಕಟ್ಟಿನಲ್ಲಿ ಅಮೆರಿಕ ಎರಡು ವಿಮಾನವಾಹಕ ನೌಕೆಗಳ ತಂಡಗಳನ್ನು ಕಳುಹಿಸಿದಾಗ ಬೀಜಿಂಗ್ ಬಳಿ ತಕ್ಕ ಉತ್ತರವಿರಲಿಲ್ಲ; ಕೆಲಸ ಚುರುಕಾದದ್ದು ಆ ಬಳಿಕವೇ. ಮೊದಲ ವಿಮಾನವಾಹಕ ಬಂದ ಬಗೆಯಂತೂ ಸ್ವಾರಸ್ಯಕರ. ನಿರ್ಮಾಣ ಅರ್ಧಕ್ಕೇ ನಿಂತಿದ್ದ ಸೋವಿಯತ್ ಹಡಗು ‘ವರ್ಯಾಗ್’ ಅನ್ನು, ಮಕಾವಿನಲ್ಲಿ ತೇಲುವ ಕ್ಯಾಸಿನೊ ಮಾಡುತ್ತೇವೆಂದು ಹೇಳಿ 1998ರಲ್ಲಿ ಉಕ್ರೇನಿನಿಂದ ಕೊಳ್ಳಲಾಯಿತು. ತಾನಾಗಿ ಚಲಿಸಲಾರದ ಆ ಹಡಗನ್ನು ಟಗ್ ದೋಣಿಗಳು ಎಳೆದು ತಂದವು. ಬಾಸ್ಫರಸ್ ಜಲಸಂಧಿ ದಾಟಲು ಟರ್ಕಿ ವರ್ಷಕ್ಕೂ ಹೆಚ್ಚು ಕಾಯಿಸಿತು. 2002ರಲ್ಲಿ ದಾಲಿಯನ್ ಮುಟ್ಟಿದ ಅದು 2012ರಲ್ಲಿ ‘ಲಿಯಾವೊನಿಂಗ್’ ಹೆಸರಿನಲ್ಲಿ ಸೇವೆಗೆ ಸೇರಿತು. 2019ರಲ್ಲಿ ಸೇರ್ಪಡೆಯಾದ ವಿಮಾನವಾಹಕ ‘ಶಾಂಡಾಂಗ್’ ಸ್ವದೇಶದಲ್ಲೇ ಕಟ್ಟಿದ್ದು. ಹಡಗುಗಳ ಲೆಕ್ಕದಲ್ಲಿ ಚೀನಾ ಈಗ ಅಮೆರಿಕವನ್ನು ಮೀರಿಸಿದೆ, ಒಟ್ಟು ಟನ್ ತೂಕದಲ್ಲಿ ಅಲ್ಲ.